ಹಳೆಯ ಜನಗಣತಿ ಹಾಳೆಗಳಲ್ಲಿ ಮನೆತನದ ಜಾಡು ಹಿಡಿಯುವುದು: ಸಮಗ್ರ ಮಾರ್ಗದರ್ಶಿ

ಜನಗಣತಿಗೆ ಕನ್ನಡದಲ್ಲಿ ಹಿಂದೆ ಖಾನೇಷುಮಾರಿ ಎನ್ನುತ್ತಿದ್ದರು. ಖಾನೆ ಎಂದರೆ ಮನೆ, ಷುಮಾರಿ ಎಂದರೆ ಎಣಿಕೆ. ಕೆಲಸದ ಗುಟ್ಟು ಆ ಪದದಲ್ಲೇ ಇದೆ. ಗಣತಿ ಹಾಳೆಯಲ್ಲಿ ಹುಡುಕಬೇಕಾದದ್ದು ಹೆಸರನ್ನಲ್ಲ, ಮನೆಯನ್ನು. ಜಾನ್ ಸ್ಮಿತ್ ಎಂಬವರು ಒಂದೇ ಪಟ್ಟಣದಲ್ಲಿ ಹತ್ತಾರು ಮಂದಿ ಸಿಗುತ್ತಾರೆ. ಆದರೆ ಬಡಗಿ ಜಾನ್, ಹೆಂಡತಿ ಹ್ಯಾನಾ, ಮಕ್ಕಳು ಎಡ್ವಿನ್ ಮತ್ತು ರೋಸ್, ಜೊತೆಗೊಬ್ಬ ವಿಧವೆ ಅತ್ತೆ ಇರುವ ಮನೆ ಸಾಮಾನ್ಯವಾಗಿ ಒಂದೇ ಇರುತ್ತದೆ. ಮುಂದಿನ ಹಂತಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಮೊದಲು ತಿಳಿಯಬೇಕಾದದ್ದು: ಯಾವ ಹಾಳೆ ತೆರೆದಿದೆ, ಯಾವುದು ಉಳಿದೇ ಇಲ್ಲ

ಒಬ್ಬೊಬ್ಬರ ಹೆಸರಿರುವ ಮೂಲ ಹಾಳೆಗಳನ್ನು ಎಲ್ಲ ದೇಶಗಳೂ ತೋರಿಸುವುದಿಲ್ಲ. ಭಾರತದಲ್ಲಿ 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಅವು ಸಾರ್ವಜನಿಕರ ಪರಿಶೀಲನೆಗೆ ಸಿಗುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿ ಮುಖ್ಯವಾಗಿ ಅಮೆರಿಕ, ಇಂಗ್ಲೆಂಡ್, ಐರ್ಲೆಂಡಿನ ಹಾಳೆಗಳ ಕುರಿತದ್ದು. ಅಮೆರಿಕದಲ್ಲಿ 72 ವರ್ಷಗಳ ನಂತರ ತೆರೆಯುತ್ತಾರೆ. ಅಲ್ಲಿನ 1950ರ ಗಣತಿ 2022ರ ಏಪ್ರಿಲ್ 1ರಂದು ಹೊರಬಂತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 100 ವರ್ಷ ಕಾಯಬೇಕು, ಅಲ್ಲಿನ 1921ರ ಹಾಳೆಗಳು 2022ರ ಜನವರಿಯಲ್ಲಿ ಸಿಕ್ಕವು. ಕೆನಡಾದಲ್ಲಿ 92 ವರ್ಷ. ಹಾಗಾಗಿ 1931ರ ಗಣತಿ 2023ರ ಜೂನ್ 1ರಂದು ತೆರೆಯಿತು.

ಇಲ್ಲದ್ದನ್ನು ಹುಡುಕುತ್ತ ವಾರಗಟ್ಟಲೆ ಕಳೆಯುವವರು ಬಹಳ ಜನ. ಅಮೆರಿಕದ 1890ರ ಗಣತಿಯ ಬಹುಪಾಲು 1921ರಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬಿದ್ದ ಬೆಂಕಿಯ ನಂತರ ಇಲ್ಲವಾಯಿತು. ಇಂಗ್ಲೆಂಡ್–ವೇಲ್ಸ್‌ನ 1931ರ ಹಾಳೆಗಳು 1942ರ ಡಿಸೆಂಬರಿನಲ್ಲಿ ಸುಟ್ಟುಹೋದವು. ಅಲ್ಲೇ 1941ರಲ್ಲಿ ಯುದ್ಧದ ಕಾರಣ ಗಣತಿಯೇ ನಡೆಯಲಿಲ್ಲ. ಆ ದೊಡ್ಡ ಕಂದಕವನ್ನು ದಾಟಲು 1939ರ ಸೆಪ್ಟೆಂಬರ್ 29ರಂದು ತಯಾರಿಸಿದ ರಾಷ್ಟ್ರೀಯ ನೋಂದಣಿ ಪುಸ್ತಕವೊಂದೇ ಸೇತುವೆ. ಅದರಲ್ಲಿ ಪೂರ್ತಿ ಹುಟ್ಟಿದ ದಿನಾಂಕವಿದೆ. ಆ ಪುಸ್ತಕವನ್ನು ಮುಂದೆ ಆರೋಗ್ಯ ಸೇವೆಗೂ ಬಳಸಿದ್ದರಿಂದ, ಮದುವೆಯಾದ ಹೆಂಗಸರ ಹೊಸ ಅಡ್ಡಹೆಸರನ್ನು (ಮನೆತನದ ಹೆಸರನ್ನು) ಅನೇಕ ಕಡೆ ಹಳೆಯದರ ಮೇಲೆಯೇ ಬರೆದಿದ್ದಾರೆ. ಐರ್ಲೆಂಡಿನ ನಷ್ಟ ಎಲ್ಲಕ್ಕಿಂತ ದೊಡ್ಡದು. 1821ರಿಂದ 1851ರವರೆಗಿನ ಹಾಳೆಗಳು 1922ರಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯ ಸಂಕೀರ್ಣದ ಬೆಂಕಿಯಲ್ಲಿ ಬಹುಮಟ್ಟಿಗೆ ನಾಶವಾದವು. 1861ರಿಂದ 1891ರವರೆಗಿನವನ್ನು ಅದಕ್ಕೂ ಮುಂಚೆ ಸರ್ಕಾರವೇ ನಾಶಮಾಡಿತ್ತು. ಪೂರ್ತಿ ಉಳಿದ ಅತ್ಯಂತ ಹಳೆಯ ಗಣತಿಗಳೆಂದರೆ 1901 ಮತ್ತು 1911ರವು.

ಐರ್ಲೆಂಡಿನ ಈ ಎರಡೂ ಗಣತಿ ಅಲ್ಲಿನ ರಾಷ್ಟ್ರೀಯ ಪತ್ರಾಗಾರದ ಜಾಲತಾಣದಲ್ಲಿ ಉಚಿತ. ಅಮೆರಿಕದ ಗಣತಿಗಳಿಗೆ ಫ್ಯಾಮಿಲಿಸರ್ಚ್ ಎಂಬ ಜಾಲತಾಣದಲ್ಲಿ ಒಂದು ಖಾತೆ ತೆರೆದರೆ ಸಾಕು, ಹಣ ಕೊಡಬೇಕಿಲ್ಲ. ಇಂಗ್ಲೆಂಡಿನ ಹಾಳೆಗಳ ಚಿತ್ರ ನೋಡಲು ಬಹುಪಾಲು ಆನ್ಸೆಸ್ಟ್ರಿ ಅಥವಾ ಫೈಂಡ್‌ಮೈಪಾಸ್ಟ್ ಎಂಬ ಜಾಲತಾಣದ ಚಂದಾ ಬೇಕಾಗುತ್ತದೆ. ಉಚಿತವಾಗಿ ಸಿಗುವುದನ್ನೆಲ್ಲ ಮೊದಲು ಮುಗಿಸಿ, ಬೇಕಾದ ಹಾಳೆಗಳ ಪಟ್ಟಿ ಮಾಡಿಟ್ಟುಕೊಂಡು, ಆಮೇಲೆ ಒಂದೇ ತಿಂಗಳ ಚಂದಾ ಕಟ್ಟಿ ಎಲ್ಲವನ್ನೂ ಇಳಿಸಿಕೊಳ್ಳುವುದು ಜಾಣತನ.

ಹಂತ 1: ಕೋಷ್ಟಕ ಹಾಕಿ

ಹುಡುಕುವ ಮುನ್ನ ಒಂದು ಕೋಷ್ಟಕ ಬೇಕು. ಎಡಗಡೆ ಕುಟುಂಬದವರ ಹೆಸರು, ಮೇಲ್ಗಡೆ ಗಣತಿಯ ವರ್ಷಗಳು. ಪ್ರತಿ ಚೌಕದಲ್ಲಿ ಮೂರು ವಿಷಯ ಬರೆಯಿರಿ: ಆ ವರ್ಷ ಆ ವ್ಯಕ್ತಿಗೆ ಎಷ್ಟು ವಯಸ್ಸಾಗಿರಬೇಕು, ಎಲ್ಲಿರಬೇಕು, ಯಾರ ಜೊತೆ ಇರಬೇಕು. ಮಗು ಹುಟ್ಟುವ ಮುಂಚಿನ, ವ್ಯಕ್ತಿ ತೀರಿಕೊಂಡ ನಂತರದ ಚೌಕಗಳಿಗೆ ಅಡ್ಡಗೆರೆ ಎಳೆದುಬಿಡಿ. ಹತ್ತು ನಿಮಿಷದ ಈ ಕೆಲಸವನ್ನು ಬಿಟ್ಟವರೇ ಮುಂದೆ ಬೇರೆಯವರ ತಾತನನ್ನು ತಮ್ಮ ವಂಶವೃಕ್ಷಕ್ಕೆ ಅಂಟಿಸಿಕೊಳ್ಳುತ್ತಾರೆ.

ಗೊತ್ತಿರುವುದರಿಂದ ಗೊತ್ತಿಲ್ಲದ್ದರ ಕಡೆಗೆ, ಅಂದರೆ ಇತ್ತೀಚಿನ ಗಣತಿಯಿಂದ ಹಿಂದಕ್ಕೆ, ಒಂದೊಂದೇ ಗಣತಿ ಸರಿಯಿರಿ. ನಡುವಿನದನ್ನು ಹಾರಿಸಬೇಡಿ. ಒಂದು ಗಣತಿ ಸಿಗದಿದ್ದರೆ ಅದನ್ನು ಖಾಲಿ ಬಿಟ್ಟು ಮುಂದುವರಿಯಬಹುದು, ಆದರೆ ಖಾಲಿ ಇದೆ ಎಂಬುದು ಕೋಷ್ಟಕದಲ್ಲಿ ಕಣ್ಣಿಗೆ ಬೀಳುವಂತಿರಲಿ.

ಹಂತ 2: ಕಡಿಮೆ ತುಂಬಿಸಿ, ಹೆಚ್ಚು ಹುಡುಕಿ

ಹುಡುಕಾಟದ ನಮೂನೆಯಲ್ಲಿರುವ ಎಲ್ಲ ಖಾನೆಗಳನ್ನೂ ತುಂಬುವುದು ಹೊಸಬರ ಮೊದಲ ತಪ್ಪು. ತುಂಬಿದ ಪ್ರತಿ ಖಾನೆಯೂ ಒಂದು ಜರಡಿ. ಅದರಲ್ಲಿ ಯಾವುದೋ ಒಂದು ವಿವರ ಹಾಳೆಯಲ್ಲಿ ಬೇರೆಯಾಗಿದ್ದರೂ ನಿಮ್ಮ ಮನೆ ಜರಡಿಯಲ್ಲಿ ಉದುರಿಹೋಗುತ್ತದೆ. ಮೊದಲು ಹೆಸರು, ಹುಟ್ಟಿದ ವರ್ಷದ ಆಚೀಚೆ 5 ವರ್ಷ, ಕೌಂಟಿ (ನಮ್ಮ ಜಿಲ್ಲೆಯಂಥದು) ಇಷ್ಟೇ ಕೊಡಿ. ಸಿಗದಿದ್ದರೆ ಅಡ್ಡಹೆಸರು ತೆಗೆದು, ಗಂಡನ ಮೊದಲ ಹೆಸರು, ಹೆಂಡತಿಯ ಮೊದಲ ಹೆಸರು, ಊರು ಮಾತ್ರ ಕೊಟ್ಟು ನೋಡಿ. ಮಕ್ಕಳಲ್ಲಿ ಯಾರಿಗಾದರೂ ಅಪರೂಪದ ಹೆಸರಿದ್ದರೆ ಆ ಮಗುವನ್ನೇ ಹುಡುಕಿ. ಹೀಗೆ ಸಿಕ್ಕ ಮನೆಗಳು ಬಹಳ.

ಅಡ್ಡಹೆಸರು ಯಾಕೆ ಕೆಡುತ್ತದೆ ಎಂಬುದನ್ನು ಬಿಡಿಸಿ ನೋಡೋಣ. ಮನೆಯವರು ಹೇಳಿದ್ದನ್ನು ಗಣತಿದಾರ ತನ್ನ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ. ಇಂಗ್ಲೆಂಡಿನಲ್ಲಿ 1841ರಿಂದ 1901ರವರೆಗೆ ನಮಗೆ ಸಿಗುವುದು ಮನೆಯವರ ಹಾಳೆಯೂ ಅಲ್ಲ, ಅದನ್ನು ನೋಡಿ ಗಣತಿದಾರ ಪುಸ್ತಕಕ್ಕೆ ಇಳಿಸಿದ ನಕಲು. ಆ ನಕಲನ್ನು ಎಷ್ಟೋ ವರ್ಷಗಳ ಮೇಲೆ ಇನ್ನೊಬ್ಬರು ಓದಿ ಸೂಚಿ (ಹುಡುಕಲು ಬಳಸುವ ಹೆಸರುಗಳ ಪಟ್ಟಿ) ಮಾಡಿದ್ದಾರೆ. ಮೂರು ಕೈ ದಾಟಿ ಬಂದ ಹೆಸರು ನೆಟ್ಟಗಿದ್ದರೆ ಅದೇ ಭಾಗ್ಯ. ಓಟದ ಬರಹದಲ್ಲಿ ದೊಡ್ಡಕ್ಷರದ ಎಲ್ ಮತ್ತು ಎಸ್, ಟಿ ಮತ್ತು ಎಫ್, ಐ ಮತ್ತು ಜೆ, ಕೆ ಮತ್ತು ಎಚ್ ಅದಲುಬದಲಾಗುತ್ತವೆ. ಸಣ್ಣಕ್ಷರದಲ್ಲಿ ಯು ಮತ್ತು ಎನ್ ಒಂದೇ ಥರ ಕಾಣುತ್ತವೆ. ಎರಡು ಎಸ್ ಜೊತೆಗೆ ಬಂದಾಗ ಮೊದಲನೆಯದನ್ನು ಕೆಳಕ್ಕೆ ಉದ್ದ ಎಳೆಯುವ ರೂಢಿ ಇತ್ತು, ಅದು ಎಫ್‌ನಂತೆ ಕಾಣುತ್ತದೆ. ಆದ್ದರಿಂದ ‘ರಾಸ್’ ಮನೆತನ ಸೂಚಿಯಲ್ಲಿ ‘ರಾಫ್ಸ್’ ಆಗಿ ಕೂತಿರಬಹುದು.

ಇದಕ್ಕೆ ಎರಡು ಉಪಾಯಗಳಿವೆ. ಒಂದು, ಬದಲಿ ಚಿಹ್ನೆ. ಒಂದೇ ಅಕ್ಷರದ ಬಗ್ಗೆ ಅನುಮಾನವಿದ್ದರೆ ಆ ಜಾಗದಲ್ಲಿ ಪ್ರಶ್ನೆ ಚಿಹ್ನೆ, ಎಷ್ಟು ಅಕ್ಷರವೆಂದೇ ಗೊತ್ತಿಲ್ಲದಿದ್ದರೆ ನಕ್ಷತ್ರ ಚಿಹ್ನೆ. ಮೊದಲ ಅಕ್ಷರವನ್ನೇ ನಕ್ಷತ್ರ ಮಾಡಿ ನೋಡಲು ಮರೆಯಬೇಡಿ.

ಇನ್ನೊಂದು, ಸೌಂಡೆಕ್ಸ್, ಅಂದರೆ ಉಚ್ಚಾರ ಹೋಲುವ ಅಡ್ಡಹೆಸರುಗಳಿಗೆ ಒಂದೇ ಸಂಕೇತ ಕೊಡುವ ಪದ್ಧತಿ. ಅಮೆರಿಕದ ಹಳೆಯ ಸೂಚಿ ಕಾರ್ಡುಗಳನ್ನು ಇದರಲ್ಲೇ ಜೋಡಿಸಿದ್ದಾರೆ. ಅಡ್ಡಹೆಸರಿನ ಮೊದಲ ಅಕ್ಷರ ಹಾಗೇ ಇಟ್ಟು, ಉಳಿದ ವ್ಯಂಜನಗಳಿಗೆ ಅಂಕಿ ಕೊಡುತ್ತಾರೆ: ಬಿ, ಎಫ್, ಪಿ, ವಿ ಗೆ 1, ಸಿ, ಜಿ, ಜೆ, ಕೆ, ಕ್ಯೂ, ಎಸ್, ಎಕ್ಸ್, ಜೆಡ್‌ಗೆ 2, ಡಿ, ಟಿ ಗೆ 3, ಎಲ್‌ಗೆ 4, ಎಂ, ಎನ್‌ಗೆ 5, ಆರ್‌ಗೆ 6. ಸ್ವರಗಳನ್ನೂ ಎಚ್, ಡಬ್ಲ್ಯೂ, ವೈ ಗಳನ್ನೂ ಬಿಡುತ್ತಾರೆ. ಒಂದೇ ಅಂಕಿಯ ಅಕ್ಷರಗಳು ಅಕ್ಕಪಕ್ಕ ಬಂದರೆ ಒಂದನ್ನೇ ಎಣಿಸುತ್ತಾರೆ. ಮೂರು ಅಂಕಿ ಆಗದಿದ್ದರೆ ಸೊನ್ನೆ ಸೇರಿಸುತ್ತಾರೆ. ಹೀಗೆ ಸ್ಮಿತ್, ಸ್ಮೈತ್, ಶ್ಮಿಟ್ ಮೂರೂ ‘ಎಸ್ 530’ ಎಂಬ ಒಂದೇ ಕಟ್ಟಿಗೆ ಬೀಳುತ್ತವೆ. ಇದರ ದೌರ್ಬಲ್ಯ ಮೊದಲ ಅಕ್ಷರದಲ್ಲಿದೆ. ನೈಟ್ ಎಂಬ ಹೆಸರಿನ ಮೊದಲು ಉಚ್ಚರಿಸದ ಕೆ ಇದ್ದರೆ ‘ಕೆ 523’, ಇಲ್ಲದಿದ್ದರೆ ‘ಎನ್ 230’. ಎರಡೂ ಕಡೆ ಹುಡುಕದೆ ಗತಿಯಿಲ್ಲ.

ಮೊದಲ ಹೆಸರುಗಳೂ ವೇಷ ಬದಲಿಸುತ್ತವೆ. ಪಾಲಿ ಎಂದರೆ ಮೇರಿ, ಪೆಗ್ಗಿ ಎಂದರೆ ಮಾರ್ಗರೆಟ್, ನ್ಯಾನ್ಸಿ ಎಂದರೆ ಆನ್ ಆಗಿರಬಹುದು. ಜೆ, ಎನ್, ಒ ಎಂಬ ಮೂರಕ್ಷರ ಜಾನ್‌ನ ಸಂಕ್ಷೇಪ, ಡಬ್ಲ್ಯೂ ಪಕ್ಕ ಎಂ ಇದ್ದರೆ ಅದು ವಿಲಿಯಂ.

ಹಂತ 3: ಸೂಚಿ ನಂಬಬೇಡಿ, ಹಾಳೆ ತೆರೆಯಿರಿ

ಸೂಚಿಯಲ್ಲಿ ಮನೆ ಸಿಕ್ಕ ಕೂಡಲೇ ಹಾಳೆಯ ಚಿತ್ರ ತೆರೆದು ಇಡೀ ಪುಟ ಓದಿ. ಆಮೇಲೆ ಹಿಂದಿನ ಪುಟ, ಮುಂದಿನ ಪುಟ. ಮನೆಯವರ ಪಟ್ಟಿ ಪುಟದ ಕೊನೆಯಲ್ಲಿ ತುಂಡಾಗಿ ಮುಂದಿನ ಪುಟಕ್ಕೆ ಹೋಗಿರುತ್ತದೆ. ಸೂಚಿ ಅದನ್ನು ಎರಡು ಮನೆ ಎಂದು ತಿಳಿದು ಕಿರಿಯ ಮಕ್ಕಳನ್ನು ಅನಾಥರನ್ನಾಗಿ ಮಾಡಿರುತ್ತದೆ. ಅಕ್ಕಪಕ್ಕದ ಮನೆಗಳಲ್ಲಿ ಮದುವೆಯಾದ ಮಗಳು, ಹೆಂಡತಿಯ ಅಣ್ಣ, ಭಾವ ಇರುವುದು ತೀರಾ ಸಾಮಾನ್ಯ. ಅವರ ಅಡ್ಡಹೆಸರು ಬೇರೆಯಾದ್ದರಿಂದ ಹೆಸರಿನ ಹುಡುಕಾಟದಲ್ಲಿ ಅವರು ಎಂದೂ ಸಿಗುವುದಿಲ್ಲ.

ಮನೆಯಲ್ಲಿದ್ದ ಎಲ್ಲರನ್ನೂ ಬರೆದುಕೊಳ್ಳಿ. ನೆಂಟರು, ಬಾಡಿಗೆಗಿದ್ದವರು, ಆಳುಕಾಳು ಯಾರನ್ನೂ ಬಿಡಬೇಡಿ. ಇವತ್ತು ‘ನೆಂಟರು’ ಎಂದಿರುವ ಮುದುಕಿ ಮುಂದೊಂದು ದಿನ ಹೆಂಡತಿಯ ತಾಯಿ ಎಂದು ಗೊತ್ತಾಗುತ್ತದೆ, ಆಗ ಹೆಂಡತಿಯ ತವರಿನ ಅಡ್ಡಹೆಸರು ಕೈಗೆ ಬಂದಂತೆ.

ಇಂಗ್ಲೆಂಡಿನ ಪುಸ್ತಕಗಳಲ್ಲಿ ಹೆಸರುಗಳ ಪಕ್ಕ ಒಂದು ಓರೆಗೆರೆ ಇದ್ದರೆ ಅದೇ ಕಟ್ಟಡದಲ್ಲಿ ಇನ್ನೊಂದು ಸಂಸಾರ ಶುರು, ಎರಡು ಓರೆಗೆರೆ ಇದ್ದರೆ ಕಟ್ಟಡವೇ ಮುಗಿಯಿತು ಎಂದರ್ಥ. ವಯಸ್ಸಿನ ಅಂಕಿಗಳ ಮೇಲೆ ಲೆಕ್ಕ ಹಾಕುವ ಗುಮಾಸ್ತರು ಗೀಟು ಎಳೆದಿದ್ದಾರೆ. ಗೀಟಿನ ಕೆಳಗೆ 3 ಮತ್ತು 8 ಒಂದೇ ಥರ ಕಾಣುತ್ತವೆ. ಅದೇ ಪುಟದ ಬೇರೆ ಅಂಕಿಗಳ ಜೊತೆ ಹೋಲಿಸಿ ತೀರ್ಮಾನಿಸಿ. ಇನ್ನೊಂದು ಎಚ್ಚರಿಕೆ: ಸಾಲಿನ ಮೊದಲಲ್ಲಿರುವ ಸಂಖ್ಯೆ ಮನೆ ನಂಬರಲ್ಲ. ಇಂಗ್ಲೆಂಡಿನಲ್ಲಿ ಅದು ಗಣತಿ ನಮೂನೆಯ ಕ್ರಮಸಂಖ್ಯೆ, ಅಮೆರಿಕದಲ್ಲಿ ಗಣತಿದಾರ ಭೇಟಿ ಕೊಟ್ಟ ಕ್ರಮ. ಅದನ್ನೇ ವಿಳಾಸವೆಂದು ತಿಳಿದು ಬೀದಿ ಹುಡುಕಿದವರಿದ್ದಾರೆ.

ಹಂತ 4: ಯಾವ ವರ್ಷದ ಹಾಳೆ ಏನು ಹೇಳುತ್ತದೆ

ಅಮೆರಿಕದಲ್ಲಿ 1790ರಿಂದ 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ, ಉಳಿದವರು ವಯಸ್ಸಿನ ಗುಂಪುಗಳಲ್ಲಿ ಬರೀ ಸಂಖ್ಯೆ. 1850ರಲ್ಲಿ ಸ್ವತಂತ್ರರೆಲ್ಲರ ಹೆಸರೂ ಬಂತು. ಗುಲಾಮಗಿರಿಯಲ್ಲಿದ್ದವರನ್ನು 1850 ಮತ್ತು 1860ರಲ್ಲಿ ಬೇರೆ ಹಾಳೆಯಲ್ಲಿ, ಒಡೆಯನ ಹೆಸರಿನ ಕೆಳಗೆ, ಬಹುತೇಕ ಹೆಸರೇ ಇಲ್ಲದೆ ವಯಸ್ಸು, ಲಿಂಗ, ಮೈಬಣ್ಣವಾಗಿ ಎಣಿಸಿದರು. ಅವರಲ್ಲಿ ಬಹುಪಾಲು ಜನರ ಹೆಸರು ಗಣತಿಯಲ್ಲಿ ಮೊದಲ ಸಲ ಕಾಣುವುದು 1870ರಲ್ಲಿ. ಆ ಕುಟುಂಬಗಳ ಹುಡುಕಾಟಕ್ಕೆ 1870ರ ಹಾಳೆಯೇ ಹೊಸ್ತಿಲು. ಯಜಮಾನನಿಗೆ ಏನಾಗಬೇಕು ಎಂಬ ಸಂಬಂಧದ ಖಾನೆ ಬಂದದ್ದು 1880ರಲ್ಲಿ. ಅದಕ್ಕೂ ಹಿಂದಿನ ಹಾಳೆಯಲ್ಲಿ ಹೆಂಗಸೊಬ್ಬಳು ಹೆಂಡತಿಯೋ ಅಕ್ಕನೋ ಎಂದು ಹಾಳೆಯೊಂದರಿಂದಲೇ ತೀರ್ಮಾನಿಸಬೇಡಿ. 1900ರ ಹಾಳೆ ಬಂಗಾರದಂಥದು. ಹುಟ್ಟಿದ ತಿಂಗಳು ಮತ್ತು ವರ್ಷ, ಮದುವೆಯಾಗಿ ಎಷ್ಟು ವರ್ಷ, ತಾಯಿಗೆ ಎಷ್ಟು ಮಕ್ಕಳು ಹುಟ್ಟಿ ಎಷ್ಟು ಬದುಕಿವೆ, ಯಾವ ವರ್ಷ ವಲಸೆ ಬಂದರು, ಎಲ್ಲವೂ ಒಂದೇ ಸಾಲಿನಲ್ಲಿ. 1940ರಲ್ಲಿ ಉತ್ತರ ಹೇಳಿದವರ ಹೆಸರಿನ ಪಕ್ಕ ವೃತ್ತದೊಳಗೆ ಇಂಟು ಗುರುತಿದೆ. ಗುರುತು ಅಜ್ಜಿಯ ಪಕ್ಕವೋ ಬಾಡಿಗೆಗಿದ್ದ ಹುಡುಗನ ಪಕ್ಕವೋ ಎಂಬುದರ ಮೇಲೆ ಆ ಮಾಹಿತಿಯ ತೂಕ ನಿಲ್ಲುತ್ತದೆ.

ಇಂಗ್ಲೆಂಡಿನ 1841ರ ಹಾಳೆಯನ್ನು ಬೇರೆ ಕಣ್ಣಿನಿಂದ ಓದಬೇಕು. 15 ವರ್ಷ ದಾಟಿದವರ ವಯಸ್ಸನ್ನು ಕೆಳಗಿನ 5ರ ಗುಣಕಕ್ಕೆ ಇಳಿಸಿ ಬರೆಯಲು ಹೇಳಿದ್ದರು. 18 ವರ್ಷದವಳು 15, 44ರವನು 40. ಎಲ್ಲ ಗಣತಿದಾರರೂ ಇದನ್ನು ಪಾಲಿಸಲಿಲ್ಲ. ಸಂಬಂಧದ ಖಾನೆಯೇ ಇಲ್ಲ. ಹುಟ್ಟಿದ ಸ್ಥಳಕ್ಕೆ ಅದೇ ಕೌಂಟಿಯಾದರೆ ವೈ, ಅಲ್ಲದಿದ್ದರೆ ಎನ್, ಸ್ಕಾಟ್ಲೆಂಡಿಗೆ ಎಸ್, ಐರ್ಲೆಂಡಿಗೆ ಐ, ಪರದೇಶಕ್ಕೆ ಎಫ್ ಎಂದಷ್ಟೇ. ಕಸುಬಿನ ಖಾನೆಯಲ್ಲಿ ‘ಎಫ್ ಎಸ್’ ಎಂದರೆ ಮನೆಗೆಲಸದವಳು, ‘ಆಗ್ ಲ್ಯಾಬ್’ ಎಂದರೆ ಹೊಲದ ಕೂಲಿ. ಸಂಬಂಧ, ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಎರಡೂ 1851ರಿಂದ ಸಿಗುತ್ತವೆ.

ಸಂಬಂಧದ ಪದಗಳಲ್ಲಿ ಒಂದು ದೊಡ್ಡ ಗುಂಡಿಯಿದೆ. 19ನೇ ಶತಮಾನದ ಇಂಗ್ಲಿಷಿನಲ್ಲಿ ಅಳಿಯ ಎನ್ನಲು ಬಳಸುತ್ತಿದ್ದ ‘ಸನ್ ಇನ್ ಲಾ’ ಎಂಬ ಮಾತಿಗೆ ಮಲಮಗ ಎಂಬ ಅರ್ಥವೂ ಇತ್ತು. ಏಳು ವರ್ಷದ ಹುಡುಗನ ಮುಂದೆ ಆ ಪದ ಕಂಡರೆ ಬಾಲ್ಯವಿವಾಹ ಊಹಿಸಬೇಡಿ. ತಾಯಿಗೆ ಇದು ಎರಡನೇ ಮದುವೆ, ಹುಡುಗನ ನಿಜವಾದ ಅಡ್ಡಹೆಸರು ಬೇರೆ ಇರಬಹುದು. ಹಾಗೆಯೇ ತಾಯಿಗೆ 50 ದಾಟಿ ಕೈಯಲ್ಲಿ ಒಂದು ವರ್ಷದ ‘ಮಗ’ನಿದ್ದರೆ, ಮನೆಯಲ್ಲಿ 20ರ ಆಸುಪಾಸಿನ ಮದುವೆಯಾಗದ ಮಗಳಿದ್ದಾಳೆಯೇ ನೋಡಿ. ಅವನು ಮೊಮ್ಮಗನಿರಬಹುದು.

ಐರ್ಲೆಂಡಿನ 1901 ಮತ್ತು 1911ರ ಹಾಳೆಗಳನ್ನು ನೋಡುವಾಗ ಕುಟುಂಬದ ಪಟ್ಟಿಗೇ ನಿಲ್ಲಬೇಡಿ. ‘ಬಿ 1’ ಎಂಬ ಇನ್ನೊಂದು ನಮೂನೆಯಲ್ಲಿ ಅದೇ ಮನೆಯ ಗೋಡೆ ಎಂಥದು, ಸೂರು ಹುಲ್ಲಿನದೋ ಅಲ್ಲವೋ, ಎಷ್ಟು ಕೋಣೆ, ಮುಂಬದಿಗೆ ಎಷ್ಟು ಕಿಟಕಿ ಎಂಬುದೆಲ್ಲ ಇದೆ. ಎರಡು ಕೋಣೆ, ಮುಂದೆ ಎರಡು ಕಿಟಕಿ, ಹುಲ್ಲಿನ ಸೂರು, ಒಳಗೆ ಒಂಬತ್ತು ಜನ ಎಂದು ಓದಿದಾಗ ಆ ಸಂಸಾರ ಕಣ್ಣೆದುರು ಬಂದು ನಿಲ್ಲುತ್ತದೆ.

ಹಂತ 5: ವಯಸ್ಸನ್ನು ದಿನಾಂಕವಾಗಿ ಬಿಡಿಸುವುದು

ಗಣತಿಯ ವರ್ಷದಿಂದ ವಯಸ್ಸು ಕಳೆದು ಹುಟ್ಟಿದ ವರ್ಷ ಬರೆಯುವುದು ತಪ್ಪು ಲೆಕ್ಕ. ಗಣತಿಯ ದಿನ ಗೊತ್ತಿದ್ದರೆ ಅವಧಿಯೇ ಸಿಗುತ್ತದೆ. ಇಂಗ್ಲೆಂಡಿನ ಗಣತಿ ದಿನಗಳು: 1841 ಜೂನ್ 6, 1851 ಮಾರ್ಚ್ 30, 1861 ಏಪ್ರಿಲ್ 7, 1871 ಏಪ್ರಿಲ್ 2, 1881 ಏಪ್ರಿಲ್ 3, 1891 ಏಪ್ರಿಲ್ 5, 1901 ಮಾರ್ಚ್ 31, 1911 ಏಪ್ರಿಲ್ 2, 1921 ಜೂನ್ 19. ಅಮೆರಿಕದಲ್ಲಿ 1830ರಿಂದ 1880ರವರೆಗೆ ಮತ್ತು 1900ರಲ್ಲಿ ಜೂನ್ 1, 1910ರಲ್ಲಿ ಏಪ್ರಿಲ್ 15, 1920ರಲ್ಲಿ ಜನವರಿ 1, 1930ರಿಂದ ಏಪ್ರಿಲ್ 1.

ಒಬ್ಬ ಹೆಂಗಸಿನ ವಯಸ್ಸು 1851ರಲ್ಲಿ 28, 1861ರಲ್ಲಿ 38 ಎಂದಿದೆ ಎನ್ನಿ. ಮೊದಲ ಹಾಳೆಯ ಪ್ರಕಾರ ಆಕೆ ಹುಟ್ಟಿದ್ದು 1822ರ ಮಾರ್ಚ್ 31ರಿಂದ 1823ರ ಮಾರ್ಚ್ 30ರೊಳಗೆ. ಎರಡನೆಯದರ ಪ್ರಕಾರ 1822ರ ಏಪ್ರಿಲ್ 8ರಿಂದ 1823ರ ಏಪ್ರಿಲ್ 7ರೊಳಗೆ. ಎರಡಕ್ಕೂ ಹೊಂದುವ ಅವಧಿ 1822ರ ಏಪ್ರಿಲ್ 8ರಿಂದ 1823ರ ಮಾರ್ಚ್ 30. 1881ರಲ್ಲಿ 57 ಎಂದಿದ್ದರೆ ಒಂದು ವರ್ಷ ಕಡಿಮೆ ಹೇಳಿದ್ದಾರೆ ಎಂದು ಗುರುತು ಹಾಕಿಕೊಳ್ಳಿ, ಅಷ್ಟಕ್ಕೇ ಮನೆ ಬೇರೆ ಎನ್ನಬೇಕಿಲ್ಲ. ಸರ್ಕಾರಿ ಜನನ ನೋಂದಣಿ ಅಲ್ಲಿ ಶುರುವಾದದ್ದು 1837ರ ಜುಲೈ 1ರಂದು. ಆದ್ದರಿಂದ ಈಕೆಯನ್ನು ಹುಡುಕಬೇಕಾದದ್ದು 1851ರ ಹಾಳೆ ಹೇಳುವ ಪ್ಯಾರಿಷ್‌ನ ದೀಕ್ಷಾಸ್ನಾನದ ಪುಸ್ತಕದಲ್ಲಿ. 1841ರ ಗಣತಿಯಲ್ಲಿ ಆಕೆಗೆ 18 ಅಥವಾ 19 ಆಗಿರಬೇಕು, ಹಾಳೆಯಲ್ಲಿ 15 ಎಂದಿರುತ್ತದೆ, ಬಹುಶಃ ಯಾರದೋ ಮನೆಯಲ್ಲಿ ‘ಎಫ್ ಎಸ್’ ಆಗಿ.

ವಯಸ್ಸು ಹತ್ತು ವರ್ಷದಲ್ಲಿ ಹದಿನಾಲ್ಕು ಏರಿದ್ದರೆ ಅದಕ್ಕೂ ಕಾರಣವಿರುತ್ತದೆ. ಐರ್ಲೆಂಡಿನಲ್ಲಿ 1901ರಲ್ಲಿ 58 ಎಂದವರು 1911ರಲ್ಲಿ 72 ಎಂದು ಬರೆಸಿದ್ದುಂಟು. ನಡುವೆ 1908ರ ವೃದ್ಧಾಪ್ಯ ಪಿಂಚಣಿ ಕಾಯ್ದೆ ಬಂದಿತ್ತು, 1909ರ ಜನವರಿಯಿಂದ 70 ತುಂಬಿದವರಿಗೆ ಪಿಂಚಣಿ ಶುರುವಾಯಿತು. ಎಲ್ಲರ ಜನನ ನೋಂದಣಿ ಅಲ್ಲಿ 1864ರಲ್ಲಷ್ಟೇ ಆರಂಭವಾದ್ದರಿಂದ ಅವರ ಬಳಿ ಜನನ ಪತ್ರ ಇರಲಿಲ್ಲ. ಎಷ್ಟೋ ಜನರಿಗೆ ತಮ್ಮ ನಿಜವಾದ ವಯಸ್ಸೂ ಗೊತ್ತಿರಲಿಲ್ಲ. ಹೀಗಿರುವಾಗ 1901ರ ವಯಸ್ಸಿಗೇ ಹೆಚ್ಚು ಬೆಲೆ ಕೊಡಿ, ಆದರೆ ಅದನ್ನೂ ಪೂರ್ತಿ ನೆಚ್ಚಬೇಡಿ.

ಹಂತ 6: ಹಾಳೆಯಲ್ಲಿ ಹೆಸರಿಲ್ಲದ ಮಕ್ಕಳು

ಎರಡು ಗಣತಿಗಳ ನಡುವೆ ಹುಟ್ಟಿ ತೀರಿಕೊಂಡ ಮಗು ಯಾವ ಹಾಳೆಯಲ್ಲೂ ಇರುವುದಿಲ್ಲ. ಇಂಗ್ಲೆಂಡಿನ 1911ರ ಹಾಳೆ ಇಲ್ಲಿ ನೆರವಿಗೆ ಬರುತ್ತದೆ. ಮನೆಯವರೇ ತಮ್ಮ ಕೈಯಾರೆ ತುಂಬಿದ ನಮೂನೆ ಅದು. ಮದುವೆಯಾಗಿ 14 ವರ್ಷ, ಹುಟ್ಟಿದ ಮಕ್ಕಳು 7, ಬದುಕಿರುವವರು 5, ತೀರಿಕೊಂಡವರು 2 ಎಂದಿದೆ ಎಂದುಕೊಳ್ಳಿ. ಮದುವೆ ನಡೆದದ್ದು 1896ರ ಏಪ್ರಿಲ್ 3ರಿಂದ 1897ರ ಏಪ್ರಿಲ್ 2ರೊಳಗೆ. ವಿವಾಹ ಸೂಚಿ ಮೂರು ಮೂರು ತಿಂಗಳಿಗೊಂದು ಇರುವುದರಿಂದ 1896ರ ಜೂನ್ ತ್ರೈಮಾಸಿಕದಿಂದ (ಏಪ್ರಿಲ್–ಜೂನ್) 1897ರ ಜೂನ್ ತ್ರೈಮಾಸಿಕದವರೆಗೆ ನೋಡಿ. ಸಿಗದಿದ್ದರೆ ಮುಂದಿನ ವರ್ಷವನ್ನೂ ನೋಡಿ, ಏಕೆಂದರೆ ಮೊದಲ ಮಗು ಬೇಗ ಹುಟ್ಟಿದ್ದರೆ ಮದುವೆಯ ವರ್ಷವನ್ನು ಹಿಂದಕ್ಕೆ ತಳ್ಳಿ ಬರೆಸುವುದಿತ್ತು. ಮದುವೆ ಸಿಕ್ಕರೆ ಹೆಂಡತಿಯ ತವರಿನ ಅಡ್ಡಹೆಸರು ಸಿಗುತ್ತದೆ. ಸಾಮಾನ್ಯ ನೋಂದಣಿ ಕಚೇರಿಯ ಜನನ ಸೂಚಿಯಲ್ಲಿ ಮಗುವಿನ ಅಡ್ಡಹೆಸರು, ತಾಯಿಯ ತವರಿನ ಅಡ್ಡಹೆಸರು ಎರಡನ್ನೂ ಕೊಟ್ಟು ಆ 14 ವರ್ಷ ಜಾಲಾಡಿ. ಏಳು ಹೆಸರುಗಳಲ್ಲಿ ಐದು ಗಣತಿಯಲ್ಲಿವೆ. ಉಳಿದ ಎರಡು ಆ ಮಕ್ಕಳವು. ಮರಣ ಸೂಚಿಯಲ್ಲಿ ವಯಸ್ಸು ನೋಡಿ ಖಚಿತಪಡಿಸಿಕೊಳ್ಳಿ. ಯಾರೂ ನೆನಪಿಟ್ಟುಕೊಳ್ಳದ ಆ ಎರಡು ಹೆಸರನ್ನು ವಂಶವೃಕ್ಷದಲ್ಲಿ ಬರೆಯುವುದಕ್ಕಿಂತ ಸಾರ್ಥಕವಾದ ಕೆಲಸ ಈ ಹುಡುಕಾಟದಲ್ಲಿ ಇನ್ನೊಂದಿಲ್ಲ.

ಹಂತ 7: ಮನೆಯೇ ಸಿಗದಿದ್ದರೆ

ವಿಳಾಸದ ಮೂಲಕ ಹೋಗಿ. ಗಣತಿಯ ಹತ್ತಿರದ ವರ್ಷದ ನಗರ ಡೈರೆಕ್ಟರಿ, ಮಗುವಿನ ಜನನ ಪತ್ರ ಅಥವಾ ಮದುವೆ ಪತ್ರದಲ್ಲಿ ವಿಳಾಸವಿರುತ್ತದೆ. ಅಮೆರಿಕದಲ್ಲಿ 1880ರಿಂದ ಊರುಗಳನ್ನು ಗಣತಿ ವಿಭಾಗಗಳಾಗಿ ವಿಂಗಡಿಸಿ ಸಂಖ್ಯೆ ಕೊಟ್ಟಿದ್ದಾರೆ. ಬೀದಿಯ ಹೆಸರು ಕೊಟ್ಟರೆ ವಿಭಾಗದ ಸಂಖ್ಯೆ ಹೇಳುವ ಉಚಿತ ಸಾಧನ ಸ್ಟೀವ್ ಮೋರ್ಸ್ ಅವರ ಜಾಲತಾಣದಲ್ಲಿದೆ. ಸಂಖ್ಯೆ ಸಿಕ್ಕ ಮೇಲೆ ಆ ವಿಭಾಗದ ಎಲ್ಲ ಪುಟಗಳನ್ನೂ ಒಂದೊಂದಾಗಿ ತಿರುವಿ. ವಿಭಾಗದ ಕೊನೆಯ ಪುಟಗಳನ್ನು ಬಿಡಬೇಡಿ. ಮೊದಲ ಭೇಟಿಯಲ್ಲಿ ಬಾಗಿಲು ತೆರೆಯದವರು ಅಲ್ಲಿರುತ್ತಾರೆ.

ಗಣತಿಯ ರಾತ್ರಿ ನೀವು ಹುಡುಕುವವರು ಮನೆಯಲ್ಲೇ ಇದ್ದಿರಲಿಕ್ಕಿಲ್ಲ. ಆಸ್ಪತ್ರೆ, ಸೆರೆಮನೆ, ಬಡವರ ಆಶ್ರಯಧಾಮ, ಸೈನ್ಯದ ಬ್ಯಾರಕ್ಕು, ಹಡಗುಗಳಿಗೆ ಬೇರೆ ಪಟ್ಟಿಗಳಿವೆ. ಕೆಲವು ಸಂಸ್ಥೆಗಳ ಪಟ್ಟಿಯಲ್ಲಿ ಹೆಸರಿನ ಬದಲು ಮೊದಲಕ್ಷರಗಳಷ್ಟೇ ಇರುತ್ತವೆ. ಆಗ ವಯಸ್ಸು, ಕಸುಬು, ಹುಟ್ಟಿದ ಊರು ಮೂರನ್ನು ಸೇರಿಸಿ ಗುರುತಿಸಬೇಕು. 1911ರಲ್ಲಿ ಇಂಗ್ಲೆಂಡಿನ ಹೆಂಗಸೊಬ್ಬರು ಮಾತ್ರ ಕಾಣೆಯಾಗಿದ್ದರೆ ಮತದಾನದ ಹಕ್ಕಿಗಾಗಿ ಹೋರಾಡಿದವರು ಆ ಗಣತಿಯನ್ನು ಬಹಿಷ್ಕರಿಸಿದ್ದು ನೆನಪಿರಲಿ.

ಹಂತ 8: ಗುರುತು ಬರೆದಿಡುವುದು

ಚಿತ್ರ ಇಳಿಸಿಕೊಂಡ ಕ್ಷಣದಲ್ಲೇ ಅದರ ಗುರುತು ಬರೆಯಿರಿ. ಪತ್ರಾಗಾರ ಕೊಟ್ಟಿರುವ ಸಂಕೇತ ಇಂಗ್ಲೆಂಡಿನ 1841 ಮತ್ತು 1851ಕ್ಕೆ ‘ಎಚ್‌ಒ 107’, ಅಲ್ಲಿಂದ ಮುಂದೆ 1861ಕ್ಕೆ ‘ಆರ್‌ಜಿ 9’ರಿಂದ ಹಿಡಿದು ಗಣತಿಗೊಂದರಂತೆ ಏರುತ್ತ 1921ಕ್ಕೆ ‘ಆರ್‌ಜಿ 15’. 1901ರವರೆಗಿನ ಪುಸ್ತಕಗಳಿಗೆ ಅದರ ಜೊತೆ ಪೀಸ್ (ಕಟ್ಟು), ಫೋಲಿಯೊ (ಹಾಳೆ), ಪುಟ ಸಂಖ್ಯೆ ಬೇಕು. ಫೋಲಿಯೊ ಸಂಖ್ಯೆಯ ಮುದ್ರೆ ಹಾಳೆಯ ಮುಂಬದಿಯಲ್ಲಿ ಮಾತ್ರ ಇರುತ್ತದೆ. ಮುದ್ರೆಯಿಲ್ಲದ ಪುಟಕ್ಕೆ ಅದರ ಹಿಂದಿನ ಪುಟದ ಸಂಖ್ಯೆಯೇ ಅನ್ವಯ. ಅಮೆರಿಕಕ್ಕೆ ರಾಜ್ಯ, ಕೌಂಟಿ, ಗಣತಿ ವಿಭಾಗ, ಹಾಳೆ ಸಂಖ್ಯೆ, ಸಾಲು. ಸಿಕ್ಕದ್ದರ ಜೊತೆಗೆ ಸಿಗದೆ ಹೋದ ಹುಡುಕಾಟವನ್ನೂ ದಾಖಲಿಸಿ. ಯಾವ ತಾಣ, ಯಾವ ಗಣತಿ, ಯಾವ ಕಾಗುಣಿತ, ಎಷ್ಟು ವರ್ಷದ ಅಂತರ, ಯಾವ ದಿನ ಹುಡುಕಿದ್ದು ಎಂದು ಒಂದು ಸಾಲು ಸಾಕು. ಸೂಚಿಗಳನ್ನು ತಿದ್ದುತ್ತಲೇ ಇರುತ್ತಾರೆ, ಒಂದು ವರ್ಷ ಬಿಟ್ಟು ಅದೇ ಖಾಲಿ ಚೌಕಕ್ಕೆ ಮರಳಿದಾಗ ಎಲ್ಲಿಂದ ಮುಂದುವರಿಯಬೇಕು ಎಂಬುದು ಆ ಸಾಲಿನಲ್ಲಿರುತ್ತದೆ.